ಚೇಂಬರ್ ಒಳಗೆ ಹೋಯಿತು ಅಂದ ಮಾತ್ರಕ್ಕೆ ಅದು ಸರಿಯಾದ ತೋಟಾ ಅಲ್ಲ

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು ಅಂದರೆ ಕೊಡಗಿನ ಮನೆಗಳಲ್ಲಿ ಕೋವಿ ಗೋಡೆಯಿಂದ ಕೆಳಗಿಳಿಯುತ್ತದೆ. ಎಣ್ಣೆ ಬಟ್ಟೆಯಲ್ಲಿ ಒರೆಸಿ, ನಳಿಗೆಯ ತುದಿಗೆ ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಹೆಚ್ಚಿನ ಮನೆಗಳಲ್ಲಿ ಇರೋದು 12 ಬೋರ್ ಕೋವಿ. ಆದರೆ ಕೆಲವು ಮನೆಗಳಲ್ಲಿ, ಸಕಲೇಶಪುರ ಮತ್ತು ಚಿಕ್ಕಮಗಳೂರಿನ ಹಳೆ ಎಸ್ಟೇಟ್ ಬಂಗಲೆಗಳಲ್ಲಿ, ಇನ್ನೊಂದು ಜಾತಿಯ ಕೋವಿಯೂ ಇದೆ. ಬ್ರಿಟಿಷರ ಕಾಲದಲ್ಲಿ ದೊಡ್ಡ ಬೇಟೆಗೆ ತರಿಸಿದ ರೈಫಲ್. ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿದ್ದು. ನೂರು ವರ್ಷ ದಾಟಿದ್ದು.

ಈ ರೈಫಲ್‌ಗಳು ಈಗ ಕೈ ಬದಲಾಯಿಸುತ್ತಿವೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರು ತೀರಿಕೊಂಡರೆ ಮಾತ್ರವಲ್ಲ, ಅವರಿಗೆ 70 ವರ್ಷವಾದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೂ ವಾರಸುದಾರರು ಲೈಸೆನ್ಸ್‌ಗೆ ಅರ್ಜಿ ಹಾಕಬಹುದು. ಹಾಗೆ ರೈಫಲ್ ಮಗನ ಕೈಗೋ ಮೊಮ್ಮಗಳ ಕೈಗೋ ಬರುತ್ತದೆ. ಜೊತೆಗೆ ಒಂದು ತಗಡಿನ ಡಬ್ಬಿ. ಅದರೊಳಗೆ ಬಣ್ಣ ಮಾಸಿದ ಹಿತ್ತಾಳೆಯ ತೋಟಾಗಳು, ಬೇರೆ ಬೇರೆ ಗಾತ್ರದವು ಕಲೆಸಿಹೋಗಿವೆ. ಅಜ್ಜನಿಗೆ ಎಲ್ಲ ಬಾಯಿಪಾಠ ಇತ್ತು. ಈಗ ಕೇಳೋಣ ಅಂದರೆ ಅಜ್ಜ ಇಲ್ಲ.

ಹೊಸಬರು ಸಾಮಾನ್ಯವಾಗಿ ಮಾಡುವುದು ಒಂದೇ ಪರೀಕ್ಷೆ. ತೋಟಾ ಒಳಗೆ ಹೋಗುತ್ತಾ ನೋಡೋದು. ಹೋದರೆ ಅದೇ ಸರಿ ಅಂದುಕೊಳ್ಳೋದು. ಈ ಲೇಖನ ಬರೆಯಲು ಕಾರಣವೇ ಈ ಪರೀಕ್ಷೆ. ಇದು ಬೆರಳು, ಕಣ್ಣು, ಕೆಲವೊಮ್ಮೆ ಜೀವವನ್ನೇ ತೆಗೆಯುವಷ್ಟು ತಪ್ಪು ಪರೀಕ್ಷೆ.

ತೋಟಾದ ಒಳಗೆ ಏನಿದೆ

ತೋಟಾ ಅಥವಾ ಕಾಡತೂಸು ಅನ್ನೋದು ನಾಲ್ಕು ವಸ್ತು ಸೇರಿದ ಒಂದು ಪೊಟ್ಟಣ. ಹೊರಗೆ ಹಿತ್ತಾಳೆಯ ಕೊಳವೆ. ಅದರ ಬುಡದಲ್ಲಿ ಬಟಾಣಿ ಕಾಳಿನಷ್ಟು ಅಗಲದ ಕೇಪು. ಒಳಗೆ ಮದ್ದು. ಬಾಯಿಯಲ್ಲಿ ಗುಂಡು. ಟ್ರಿಗರ್ ಎಳೆದಾಗ ಒಂದು ಮೊಳೆ ಕೇಪಿಗೆ ಬಡಿಯುತ್ತದೆ. ಕೇಪು ಕಿಡಿ ಕೊಡುತ್ತದೆ. ಮದ್ದು ಹೊತ್ತಿ ಅನಿಲವಾಗುತ್ತದೆ. ಆ ಅನಿಲಕ್ಕೆ ಜಾಗ ಸಾಲದೆ ಗುಂಡನ್ನು ಮುಂದಕ್ಕೆ ತಳ್ಳುತ್ತದೆ.

ತೋಟಾ ಕೂರುವ ಜಾಗಕ್ಕೆ ಚೇಂಬರ್ ಅಂತ ಹೆಸರು. ಅದರ ಮುಂದೆ ನಳಿಗೆ. ರೈಫಲ್ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ಗುಂಡು ಆ ಗೀರುಗಳನ್ನು ಕಚ್ಚಿಕೊಂಡು ತಿರುಗುತ್ತಾ ಹೊರಡುತ್ತದೆ. ಬುಗುರಿ ತಿರುಗುವಾಗ ಬೀಳದೆ ನಿಲ್ಲುತ್ತದಲ್ಲ, ಹಾಗೇ ತಿರುಗುವ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯದೆ ನೇರ ಹೋಗುತ್ತದೆ. 12 ಬೋರ್ ಚರೆ ಕೋವಿಯ ನಳಿಗೆ ಒಳಗೆ ನುಣ್ಣಗಿರುತ್ತದೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು.

ಇನ್ನು ಒತ್ತಡ. ಮನೆಯ ಕುಕ್ಕರ್ ವಿಷಲ್ ಹೊಡೆಯುವಾಗ ಒಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಒತ್ತಡ ಜಾಸ್ತಿ ಇರುತ್ತದೆ. ಕಾರಿನ ಟೈರಿನಲ್ಲಿ ಸುಮಾರು 2 ಬಾರ್. ಆನೆ, ಕಾಟಿ ಬೇಟೆಗೆ ಬಳಸುತ್ತಿದ್ದ .470 ನೈಟ್ರೋ ಎಕ್ಸ್‌ಪ್ರೆಸ್ ತೋಟಾಕ್ಕೆ ಯುರೋಪಿನ ಮಾನದಂಡ ಹಾಕಿರುವ ಮಿತಿ 2,700 ಬಾರ್. ಜರ್ಮನಿಯ 7×57 ಮೌಸರ್ ತೋಟಾಕ್ಕೆ 3,900 ಬಾರ್. ಇಷ್ಟು ಒತ್ತಡ ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಹುಟ್ಟುತ್ತದೆ. ಅದನ್ನು ಹಿಡಿದಿಡೋದು ಆ ನಳಿಗೆಯ ಉಕ್ಕು ಮಾತ್ರ. ಕುಕ್ಕರ್‌ಗಾದರೆ ಸೇಫ್ಟಿ ವಾಲ್ವ್ ಇದೆ. ನಳಿಗೆಗೆ ಅದೂ ಇಲ್ಲ.

ಹೆಸರಿನಲ್ಲಿರುವ ಗೊಂದಲ

ಅಂಗಡಿಗೆ ಹೋಗಿ ಸಂಖ್ಯೆ ಹೇಳಿದರೆ ಸಾಕು ಅಂತ ಅನ್ನಿಸುತ್ತದೆ, ಅಲ್ವಾ? ಸಾಲದು. ತೋಟಾಗಳಿಗೆ ಹೆಸರಿಟ್ಟವರು ಒಂದೇ ಅಳತೆಗೋಲು ಹಿಡಿದು ಕೂತವರಲ್ಲ. ಒಬ್ಬೊಬ್ಬ ತಯಾರಕನದೂ ಒಂದೊಂದು ಲೆಕ್ಕ.

ಬೋರ್ ಅನ್ನೋ ಮಾತನ್ನೇ ತಗೊಳ್ಳಿ. 12 ಬೋರ್ ಅಂದರೆ ಏನು? ಒಂದು ಪೌಂಡ್ ಸೀಸವನ್ನು ಸಮನಾಗಿ 12 ಉಂಡೆ ಮಾಡಿ. ಒಂದು ಉಂಡೆ ಸರಿಯಾಗಿ ಹಿಡಿಯುವ ನಳಿಗೆ 12 ಬೋರ್. ಹೆಚ್ಚುಕಡಿಮೆ ಹದಿನೆಂಟೂವರೆ ಮಿಲಿಮೀಟರ್. 16 ಉಂಡೆ ಮಾಡಿದರೆ ಉಂಡೆ ಚಿಕ್ಕದಾಗುತ್ತದೆ, ಅದು 16 ಬೋರ್. ಅದಕ್ಕೇ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಚಿಕ್ಕದು.

ರೈಫಲ್‌ಗೆ ಬೇರೆ ಲೆಕ್ಕ. .303 ಅಂದರೆ ಒಂದು ಇಂಚಿನ ಸಾವಿರದಲ್ಲಿ 303 ಭಾಗ. ಆದರೆ ಎಲ್ಲಿಂದ ಎಲ್ಲಿಗೆ ಅಳೆದದ್ದು? ನಳಿಗೆಯೊಳಗೆ ಗೀರುಗಳಿವೆ ಅಂದೆನಲ್ಲ, ಕೆಲವರು ಗೀರಿನ ತಳದಿಂದ ತಳಕ್ಕೆ ಅಳೆದರು. ಕೆಲವರು ದಿಬ್ಬದಿಂದ ದಿಬ್ಬಕ್ಕೆ ಅಳೆದರು. ಗದ್ದೆಯ ಅಗಲವನ್ನು ಬದು ಸೇರಿಸಿ ಹೇಳೋದಕ್ಕೂ ಬದು ಬಿಟ್ಟು ಹೇಳೋದಕ್ಕೂ ಇರುವ ವ್ಯತ್ಯಾಸ ಇದು. .303 ರೈಫಲ್‌ನ ಗುಂಡಿನ ನಿಜವಾದ ದಪ್ಪ .311 ಇಂಚಿನ ಆಸುಪಾಸು. ವೆಸ್ಟ್‌ಲಿ ರಿಚರ್ಡ್ಸ್ ಕಂಪನಿಯ .318 ತೋಟಾದ ಗುಂಡು .330 ಇಂಚು. ಹೆಸರೇ ಗಾತ್ರ ಅಂದುಕೊಂಡರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಒಂದೇ ತೋಟಾಕ್ಕೆ ಎರಡು ಹೆಸರಿರೋದೂ ಉಂಟು. ಕುಮಾವೂಂ ಬೆಟ್ಟಗಳ ಚಂಪಾವತ್ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕ ರೈಫಲ್ .275 ರಿಗ್ಬಿ. ಲಂಡನ್ನಿನ ರಿಗ್ಬಿ ಕಂಪನಿ ಇಟ್ಟ ಹೆಸರು ಅದು. ತೋಟಾ ಮಾತ್ರ ಮೇಲೆ ಹೇಳಿದ ಜರ್ಮನಿಯ 7×57 ಮೌಸರ್ ಅದೇ. 7 ಅಂದರೆ ಮಿಲಿಮೀಟರ್ ಲೆಕ್ಕದ ಅಗಲ, 57 ಅಂದರೆ ಹಿತ್ತಾಳೆ ಕೊಳವೆಯ ಉದ್ದ.

ಇದಕ್ಕೆ ಉಲ್ಟಾ, ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ತೋಟಾ ಅಡಗಿರೋದು ಹೆಚ್ಚು ಅಪಾಯ. ನಮ್ಮಲ್ಲಿ 8 ಎಂಎಂ ಅಂದರೆ ಸಾಮಾನ್ಯವಾಗಿ .315. ಪಶ್ಚಿಮ ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆ ಮಾಡುವ ರೈಫಲ್‌ನ ತೋಟಾ ಅದು. ಮೂಲದಲ್ಲಿ ಆಸ್ಟ್ರಿಯಾದ್ದು. ಕೊಳವೆಯ ಉದ್ದ 50 ಮಿಲಿಮೀಟರ್, ಬುಡದಲ್ಲಿ ಹೊರಚಾಚಿದ ಅಂಚು. ಆದರೆ ಹಳೆ ಜರ್ಮನ್ ಬೇಟೆ ರೈಫಲ್‌ನ 8 ಎಂಎಂ ಬೇರೆ. ಅದು 57 ಮಿಲಿಮೀಟರ್ ಉದ್ದ, ಅಂಚಿಲ್ಲ. ಲೈಸೆನ್ಸ್ ಪುಸ್ತಕದಲ್ಲಿ ಬರೀ 8 ಎಂಎಂ ಅಂತ ಬರೆದಿದ್ದರೆ ಅಂಗಡಿಯವರಿಗೆ ಯಾವುದು ಅಂತ ತಿಳಿಯೋದು ಹೇಗೆ?

ಆ ಜರ್ಮನ್ 8 ಎಂಎಂನಲ್ಲೂ ಎರಡು ಬಗೆ. 1888ರ ಮೂಲ ತೋಟಾದ ಗುಂಡು .318 ಇಂಚು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಜರ್ಮನ್ ಸೈನ್ಯ ಅದನ್ನು ಬದಲಿಸಿ .323 ಮಾಡಿತು. ಹಳೆಯದಕ್ಕೆ 8×57 ಜೆ, ಹೊಸದಕ್ಕೆ 8×57 ಜೆಎಸ್ ಅಂತ ಹೆಸರು. ವ್ಯತ್ಯಾಸ ಎಷ್ಟು? ಒಂದು ಕಾಗದದ ಹಾಳೆಯ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹೊಸ ತೋಟಾ ಹಳೆ ರೈಫಲ್‌ನ ಚೇಂಬರ್ ಒಳಗೆ ಕೂರಬಹುದು. ಆದರೆ ದಪ್ಪ ಗುಂಡು ಕಿರಿದಾದ ನಳಿಗೆಯೊಳಗೆ ಹಿಂಡಿಕೊಂಡು ಹೋಗಬೇಕು. ಆ ಹೊತ್ತಿಗೆ ಹಿಂದಿನ ಒತ್ತಡ ಏರುತ್ತಾ ಹೋಗುತ್ತದೆ. ಜರ್ಮನ್ ಬೇಟೆ ರೈಫಲ್‌ಗಳನ್ನು ಸೈನ್ಯದ ಬದಲಾವಣೆಯ ನಂತರವೂ ಹಳೆ ಅಳತೆಯಲ್ಲೇ ಮಾಡುತ್ತಿದ್ದರು. ಹಾಗಾಗಿ ರೈಫಲ್ ತಯಾರಾದ ವರ್ಷ ನೋಡಿ ಊಹೆ ಮಾಡೋದೂ ಸಾಲದು.

ಹೀಗೆ ಇಷ್ಟೊಂದು ಸಂಖ್ಯೆಗಳು ಹುಟ್ಟಿಕೊಂಡಿದ್ದಕ್ಕೆ ನಮ್ಮ ದೇಶವೂ ಒಂದು ಕಾರಣ. ಲಂಡನ್ನಿನ ತಯಾರಕರು .450 ನೈಟ್ರೋ ಎಕ್ಸ್‌ಪ್ರೆಸ್ ರೈಫಲ್‌ಗಳನ್ನು ಭಾರತಕ್ಕೆ ಧಾರಾಳವಾಗಿ ಮಾರುತ್ತಿದ್ದರು. ಬ್ರಿಟಿಷ್ ಸೈನ್ಯದ ಹಳೆ ಮಾರ್ಟಿನಿ-ಹೆನ್ರಿ ಬಂದೂಕಿನ ಗುಂಡಿನ ಅಳತೆಯೂ .450. ಕದ್ದ ಸೈನ್ಯದ ಬಂದೂಕಿಗೆ ಈ ಗುಂಡುಗಳು ಸಿಗಬಾರದು ಅಂತ ಸರ್ಕಾರ ಭಾರತದಲ್ಲಿ ಮತ್ತು ಸುಡಾನಿನಲ್ಲಿ .450 ನಿಷೇಧಿಸಿತು. 1907ರ ಹೊತ್ತಿಗೆ ತಯಾರಕರು ಅಳತೆಯನ್ನು ಒಂದಿಷ್ಟು ಹಿಗ್ಗಿಸಿ .465, .470, .475, .476 ಅಂತ ಸಾಲಾಗಿ ತಂದರು. ಕೆಲಸ ಒಂದೇ, ಪೆಟ್ಟೂ ಹೆಚ್ಚುಕಡಿಮೆ ಒಂದೇ. ಆದರೆ ಒಂದರ ತೋಟಾ ಇನ್ನೊಂದಕ್ಕೆ ಆಗೋದಿಲ್ಲ. ಆ ಕಾಲದ ಒಂದು ಸರ್ಕಾರಿ ಆದೇಶದ ಗೊಂದಲವನ್ನು ನಾವು ಇಂದು ತಗಡಿನ ಡಬ್ಬಿಯಲ್ಲಿ ಎಣಿಸುತ್ತಿದ್ದೇವೆ.

ಕರಿಮದ್ದು, ನೈಟ್ರೋ ಮದ್ದು

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಾದರೆ ಇದನ್ನು ಓದಿ.

ಮೊದಲಿದ್ದದ್ದು ಕರಿಮದ್ದು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ್ದು. ಅದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಹೊಗೆ ಮತ್ತು ಮಸಿಯಾಗಿ ಉಳಿಯುತ್ತದೆ, ಉಳಿದದ್ದು ಅನಿಲವಾಗುತ್ತದೆ. ಅದಕ್ಕೇ ಹಳೆ ಕೋವಿ ಹೊಡೆದರೆ ಮುಂದೆ ಏನೂ ಕಾಣದಷ್ಟು ಹೊಗೆ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆ ಇಲ್ಲದ ಮದ್ದು ಕಂಡುಹಿಡಿದರು. 1889ರಲ್ಲಿ ಬ್ರಿಟನ್‌ನಲ್ಲಿ ಕಾರ್ಡೈಟ್ ಬಂತು. ನೋಡಲು ಸಣ್ಣ ಶಾವಿಗೆ ಎಳೆಯ ಹಾಗೆ. ಇವು ಉರಿದಾಗ ಬಹುಪಾಲು ಅನಿಲವೇ ಆಗುತ್ತವೆ. ಅಂದರೆ ಅದೇ ತೂಕದ ಮದ್ದಿಗೆ ಬಹಳ ಹೆಚ್ಚು ಶಕ್ತಿ. ಈ ಹೊಸ ಮದ್ದಿನ ತೋಟಾಗಳಿಗೆ ನೈಟ್ರೋ ಎಕ್ಸ್‌ಪ್ರೆಸ್ ಅಂತ ಹೆಸರಾಯಿತು.

ಎರಡೂ ಮದ್ದು ಉರಿಯುವ ರೀತಿಯೂ ಬೇರೆ. ಕರಿಮದ್ದು ಒಂದು ಮಿತಿಯಲ್ಲಿ ಉರಿಯುತ್ತದೆ. ನೈಟ್ರೋ ಮದ್ದು ಒತ್ತಡ ಏರಿದಷ್ಟೂ ಇನ್ನೂ ಜೋರಾಗಿ ಉರಿಯುತ್ತದೆ. ಜೋರಾಗಿ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಗಾಳಿ ಬೀಸಿದಷ್ಟೂ ಕಾಡ್ಗಿಚ್ಚು ಏರಿ, ಕಾಡ್ಗಿಚ್ಚು ಏರಿದಷ್ಟೂ ಗಾಳಿ ಎಳೆದುಕೊಳ್ಳುತ್ತದಲ್ಲ, ಹಾಗೆ.

ಈಗ ಅಪಾಯ ಎಲ್ಲಿದೆ ನೋಡಿ. ಹೊಸ ಮದ್ದು ಬಂದಾಗ ತಯಾರಕರು ಹೊಸ ಕೊಳವೆ ಮಾಡುವ ಬದಲು ಎಷ್ಟೋ ಸಲ ಹಳೆ ಕೊಳವೆಗೇ ಹೊಸ ಮದ್ದು ತುಂಬಿದರು. .500 ಅಳತೆಯ 3 ಇಂಚು ಉದ್ದದ ತೋಟಾ ಇದಕ್ಕೆ ಒಳ್ಳೆ ಉದಾಹರಣೆ. ಕರಿಮದ್ದಿನ ಕಾಲದಲ್ಲಿ ಅದರಲ್ಲಿ ಸುಮಾರು 136 ಗ್ರೇನ್ ಕರಿಮದ್ದು, 340ರಿಂದ 440 ಗ್ರೇನ್ ತೂಕದ ಗುಂಡು. ಗ್ರೇನ್ ಅಂದರೆ ತೂಕದ ಲೆಕ್ಕ. ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ. ನೈಟ್ರೋ ಎಕ್ಸ್‌ಪ್ರೆಸ್ ಆದಾಗ ಅದೇ 3 ಇಂಚಿನ ಕೊಳವೆಯಲ್ಲಿ 80 ಗ್ರೇನ್ ಕಾರ್ಡೈಟ್, 570 ಗ್ರೇನ್ ಗುಂಡು. ಮದ್ದಿನ ತೂಕ ಕಡಿಮೆ, ಆದರೆ ಪೆಟ್ಟು ಬಹಳ ಜೋರು.

ಎರಡು ತೋಟಾಗಳನ್ನೂ ಪಕ್ಕಪಕ್ಕ ಇಟ್ಟರೆ ಕೊಳವೆ ಒಂದೇ ಥರ. ಕರಿಮದ್ದಿನ ರೈಫಲ್‌ಗೆ ನೈಟ್ರೋ ತೋಟಾ ಹಾಕಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಬಾಗಿಲು ಮುಚ್ಚುತ್ತದೆ. ಟ್ರಿಗರ್ ಎಳೆಯುವ ತನಕ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಇವೆರಡರ ನಡುವೆ ಮೂರನೆಯದೊಂದು ಬಗೆ ಇದೆ. ನೈಟ್ರೋ ಫಾರ್ ಬ್ಲ್ಯಾಕ್ ಅಂತ ಕರೆಯುತ್ತಿದ್ದರು. ಹೊಗೆ ಇಲ್ಲದ ಮದ್ದನ್ನೇ ಕಡಿಮೆ ಅಳತೆಯಲ್ಲಿ ತುಂಬಿ, ಕರಿಮದ್ದಿನ ಒತ್ತಡ ಮೀರದ ಹಾಗೆ ಮಾಡಿದ್ದು. ಆದ್ದರಿಂದ ಒಂದೇ ಗಾತ್ರದ ಹಳೆ ತೋಟಾ ಮೂರು ಥರ ಇರಬಹುದು. ಬುಡದ ಮೇಲಿನ ಅಕ್ಷರ ಎಲ್ಲ ಸಲ ಇದನ್ನು ಹೇಳೋದಿಲ್ಲ. ಡಬ್ಬಿಯ ಚೀಟಿ ಹೇಳುತ್ತದೆ, ಅದು ಉಳಿದಿದ್ದರೆ, ಮತ್ತು ಡಬ್ಬಿಯೊಳಗೆ ಇರೋದು ಅದೇ ತೋಟಾ ಆಗಿದ್ದರೆ.

ನಳಿಗೆಯ ಮೇಲೆ ರೇಷ್ಮೆ ಸೀರೆಯ ನೆಯ್ಗೆಯ ಹಾಗೆ ಅಲೆ ಅಲೆಯಾದ ಚಿತ್ತಾರ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ, ಕುಲುಮೆಯಲ್ಲಿ ಬೆಸೆದು ಮಾಡಿದ್ದು. ನೋಡಲು ಬಹಳ ಚಂದ. ಆದರೆ ಉದ್ದಕ್ಕೂ ಬೆಸುಗೆಯೇ. ಒಳಗೆ ಎಲ್ಲಿ ತುಕ್ಕು ಹಿಡಿದಿದೆ ಅಂತ ಹೊರಗಿಂದ ತಿಳಿಯೋದಿಲ್ಲ. ನೈಟ್ರೋ ಪರೀಕ್ಷೆಯ ಮುದ್ರೆ ಇಲ್ಲದ ಡಮಾಸ್ಕಸ್ ನಳಿಗೆಗೆ ನೈಟ್ರೋ ತೋಟಾ ಹಾಕಲೇಬೇಡಿ.

ನಳಿಗೆಯ ಅಡಿಯಲ್ಲಿ ಬರೆದಿರೋದು

ಸಮಾಧಾನದ ಸಂಗತಿ ಅಂದರೆ ಬ್ರಿಟಿಷ್ ರೈಫಲ್‌ಗಳು ತಮ್ಮ ಜಾತಕವನ್ನು ಮೈಮೇಲೆ ಬರೆದುಕೊಂಡೇ ಬಂದಿವೆ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್ ಎರಡೂ ಕಡೆ ಪ್ರೂಫ್ ಹೌಸ್ ಅನ್ನೋ ಪರೀಕ್ಷಾ ಮನೆಗಳಿವೆ. ಬರ್ಮಿಂಗ್‌ಹ್ಯಾಮ್‌ನದು 1813ರಿಂದ ಇದೆ, ಲಂಡನ್ನಿನದು ಅದಕ್ಕಿಂತ ಹಳೆಯದು. ಮಾರುವ ಮೊದಲು ಪ್ರತಿ ನಳಿಗೆಯಲ್ಲೂ ಮಾಮೂಲಿಗಿಂತ ಜೋರಾದ ತೋಟಾ ಹಾರಿಸಿ ನೋಡುತ್ತಾರೆ. ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಚಿನ್ನಕ್ಕೆ ಹಾಲ್‌ಮಾರ್ಕ್ ಇದ್ದ ಹಾಗೆ.

ಮುದ್ರೆ ನೋಡಬೇಕಾದ ಜಾಗ ನಳಿಗೆಯ ಅಡಿಭಾಗ, ಚೇಂಬರ್ ಹತ್ತಿರ. ಜೋಡು ನಳಿಗೆಯದಾದರೆ ನಳಿಗೆ ಕಳಚಿ ತಿರುಗಿಸಿದರೆ ಚಪ್ಪಟೆ ಜಾಗದಲ್ಲಿ ಕಾಣುತ್ತದೆ. ಕೈಯಿಂದ ಹಿಂದೆಮುಂದೆ ಎಳೆಯುವ ಅಗುಳಿ ಇರುವ ಬೋಲ್ಟ್ ರೈಫಲ್‌ನಲ್ಲಿ ಕೆಲವು ಮುದ್ರೆ ಮರದ ಕೆಳಗೆ ಅಡಗಿರುತ್ತವೆ. ಇಂಗ್ಲಿಷಿನಲ್ಲಿ ನೈಟ್ರೋ ಪ್ರೂಫ್ ಅಂತಲೋ, ಕಿರೀಟದ ಕೆಳಗೆ ಎನ್‌ಪಿ ಅಂತಲೋ ಇದ್ದರೆ ಹೊಸ ಮದ್ದಿಗೆ ಪರೀಕ್ಷೆಯಾಗಿದೆ ಅಂತ. ಅದಿಲ್ಲದೆ ಬ್ಲ್ಯಾಕ್ ಪೌಡರ್ ಅಂತ ಇದ್ದರೆ ಕರಿಮದ್ದಿಗೆ ಮಾತ್ರ.

ದೊಡ್ಡ ರೈಫಲ್‌ಗಳಲ್ಲಿ ಇನ್ನೂ ಸ್ಪಷ್ಟವಾಗಿ ಬರೆದಿರುತ್ತಾರೆ. ಕಾರ್ಡೈಟ್ 70-480 ಮ್ಯಾಕ್ಸ್ ಅಂತ ಒಂದು ಸಾಲು ಇದೆ ಅನ್ನಿ. ಹೆಚ್ಚೆಂದರೆ 70 ಗ್ರೇನ್ ಕಾರ್ಡೈಟ್, 480 ಗ್ರೇನ್ ಗುಂಡು ಅಂತ ಅದರ ಅರ್ಥ. ಅದು .450 ನೈಟ್ರೋ ಎಕ್ಸ್‌ಪ್ರೆಸ್‌ನ ಅಳತೆ. .470 ಆದರೆ 75-500. ಇಲ್ಲೊಂದು ಎಚ್ಚರಿಕೆ ಬೇಕು. ಈ 70 ಅನ್ನೋ ಸಂಖ್ಯೆ ಕಾರ್ಡೈಟ್‌ಗೆ ಮಾತ್ರ. ಇಂದಿನ ಬೇರೆ ಮದ್ದುಗಳಿಗೆ ಅದೇ ತೂಕ ಹಾಕುವಂತಿಲ್ಲ. 1954ರ ನಿಯಮಗಳ ನಂತರ ಪರೀಕ್ಷೆಯಾದ ನಳಿಗೆಗಳಲ್ಲಿ ಮದ್ದಿನ ತೂಕದ ಬದಲು ಚದರ ಇಂಚಿಗೆ ಇಷ್ಟು ಟನ್ ಅಂತ ಒತ್ತಡವನ್ನೇ ಬರೆದಿರುತ್ತಾರೆ.

ಮುದ್ರೆ ಅಂದಿನ ದಿನದ ಆರೋಗ್ಯ ಪತ್ರ. ಆಮೇಲೆ ನೂರು ಮಳೆಗಾಲ ಕಳೆದಿವೆ. ಒಳಗೆ ತುಕ್ಕಿನ ಗುಳಿ ಬಿದ್ದಿರಬಹುದು. ಯಾರೋ ಚೇಂಬರ್ ಕೊರೆದು ಬೇರೆ ತೋಟಾಕ್ಕೆ ಹೊಂದಿಸಿರಬಹುದು. ನಳಿಗೆಯನ್ನೇ ಬದಲಿಸಿರಬಹುದು. ನೂರು ವರ್ಷದಲ್ಲಿ ಇವೆಲ್ಲ ಮಾಮೂಲು.

ಆದ್ದರಿಂದ ಅಂತಿಮ ಉತ್ತರ ಕೊಡೋದು ಚೇಂಬರ್‌ನ ಅಚ್ಚು. ಅನುಭವ ಇರುವ, ಲೈಸೆನ್ಸ್ ಪಡೆದ ಕೋವಿ ಕೆಲಸಗಾರರ ಹತ್ತಿರ ಇದನ್ನು ಮಾಡಿಸಬೇಕು. ಬಿಸಿನೀರಿನ ಶಾಖಕ್ಕೇ ಕರಗುವ ಒಂದು ಮಿಶ್ರಲೋಹ ಇದೆ. ಅದನ್ನು ಖಾಲಿ ಚೇಂಬರ್‌ಗೆ ಸುರಿದು, ಗಟ್ಟಿಯಾದ ಮೇಲೆ ಹೊರಗೆ ತೆಗೆಯುತ್ತಾರೆ. ಹಲ್ಲಿನ ಡಾಕ್ಟರು ಹಲ್ಲಿನ ಅಚ್ಚು ತೆಗೆಯುತ್ತಾರಲ್ಲ, ಅದೇ ಕೆಲಸ. ಅಚ್ಚನ್ನು ಅಳೆದರೆ ಕೊಳವೆಯ ಉದ್ದ, ಅಂಚಿನ ದಪ್ಪ, ಗುಂಡಿನ ಅಗಲ ಎಲ್ಲ ಸಿಗುತ್ತದೆ. .450/400 ಅನ್ನೋ ಹೆಸರಿನ ತೋಟಾ 3 ಇಂಚಿನದೂ ಇದೆ, ಮೂರೂಕಾಲು ಇಂಚಿನದೂ ಇದೆ. ಎರಡೂ ಬೇರೆ ಬೇರೆ. ಇಂಥ ಕಡೆ ಅಚ್ಚಿಗಿಂತ ನಂಬಿಕೆಯ ಸಾಕ್ಷಿ ಇಲ್ಲ.

ಜೋಡು ನಳಿಗೆಯ ಲೆಕ್ಕಾಚಾರ

ಒತ್ತಡದ ದೃಷ್ಟಿಯಿಂದ ಸುರಕ್ಷಿತವಾದ ತೋಟಾ ಸಿಕ್ಕಿತು ಅನ್ನಿ. ಗುರಿ ಸರಿ ಬರುತ್ತದಾ? ಜೋಡು ನಳಿಗೆ ರೈಫಲ್‌ನಲ್ಲಿ ಇದೊಂದು ಸೊಗಸಾದ ಸಮಸ್ಯೆ.

ಎರಡು ನಳಿಗೆಗಳನ್ನು ನೋಡಿದರೆ ರೈಲು ಹಳಿಯ ಹಾಗೆ ಸಮಾನಾಂತರ ಅನ್ನಿಸುತ್ತದೆ. ನಿಜಕ್ಕೂ ಅವು ಮುಂದೆ ಮುಂದೆ ಹೋದಂತೆ ಸ್ವಲ್ಪ ಹತ್ತಿರ ಬರುತ್ತವೆ. ಯಾಕೆ ಅಂದರೆ, ಬಲ ನಳಿಗೆ ಹಾರಿಸಿದಾಗ ಗುಂಡು ಇನ್ನೂ ಒಳಗಿರುವಾಗಲೇ ರೈಫಲ್ ಬಲಕ್ಕೂ ಮೇಲಕ್ಕೂ ತಿರುಗಲು ಶುರುವಾಗುತ್ತದೆ. ಎಡ ನಳಿಗೆ ಎಡಕ್ಕೆ ತಿರುಗುತ್ತದೆ. ಆ ತಿರುವನ್ನು ಮೊದಲೇ ಲೆಕ್ಕ ಹಾಕಿ ನಳಿಗೆಗಳನ್ನು ಒಳಮುಖವಾಗಿ ಬೆಸೆದಿರುತ್ತಾರೆ. ಕೆಲಸಗಾರ ಮೈದಾನದಲ್ಲಿ ನಿಂತು ಹೊಡೆಯೋದು, ಗುರಿಹಲಗೆ ನೋಡೋದು, ಬೆಸುಗೆ ಬಿಸಿ ಮಾಡಿ ಕೂದಲೆಳೆಯಷ್ಟು ಸರಿಸೋದು, ಮತ್ತೆ ಹೊಡೆಯೋದು. ಎರಡು ನಳಿಗೆಯ ಗುಂಡುಗಳೂ ಒಂದೇ ಕಡೆ ಬೀಳುವ ತನಕ ಇದೇ ಕೆಲಸ. ಯಂತ್ರದಿಂದ ಆಗುವ ಕೆಲಸ ಅಲ್ಲ. ಈ ಕೈಚಳಕದ ಬಗ್ಗೆ ನನಗೆ ಬಹಳ ಗೌರವ.

ಆದರೆ ಇಷ್ಟೆಲ್ಲ ಹೊಂದಿಸಿದ್ದು ಒಂದು ತೂಕದ ಗುಂಡು ಮತ್ತು ಒಂದು ವೇಗಕ್ಕೆ ಮಾತ್ರ. ಗುಂಡು ನಿಧಾನವಾಗಿ ಹೊರಟರೆ ನಳಿಗೆಯೊಳಗೆ ಜಾಸ್ತಿ ಹೊತ್ತು ಇರುತ್ತದೆ. ಅಷ್ಟರಲ್ಲಿ ರೈಫಲ್ ಜಾಸ್ತಿ ತಿರುಗಿರುತ್ತದೆ. ಬಲದ ಗುಂಡು ಬಲಕ್ಕೆ, ಎಡದ್ದು ಎಡಕ್ಕೆ ಬೀಳುತ್ತದೆ. ವೇಗ ಜಾಸ್ತಿಯಾದರೆ ಎರಡೂ ಒಂದನ್ನೊಂದು ದಾಟಿ ಅದಲುಬದಲಾಗುತ್ತವೆ. ಹಾಗಾಗಿ ನಳಿಗೆಯ ಮೇಲೆ 480 ಅಂತ ಇದ್ದರೆ 480 ಗ್ರೇನ್ ಗುಂಡೇ ಬೇಕು. 400 ಗ್ರೇನ್‌ನದು ಸಿಗುತ್ತದೆ, ಹಗುರ ಇದೆ, ಪರವಾಗಿಲ್ಲ ಅನ್ನುವಂತಿಲ್ಲ.

ಗುಂಡು ಯಾವುದರಿಂದ ಮಾಡಿದ್ದು ಅನ್ನೋದನ್ನೂ ನೋಡಬೇಕು. ಕರಿಮದ್ದಿನ ರೈಫಲ್‌ಗೆ ಮೆತ್ತನೆಯ ಸೀಸದ ಗುಂಡು. ನೈಟ್ರೋ ರೈಫಲ್‌ಗೆ ಲೋಹದ ಹೊದಿಕೆ ಇರುವ ಸೀಸದ ಗುಂಡು. ಇಂದು ಇಡಿಯಾಗಿ ತಾಮ್ರದಲ್ಲೇ ಮಾಡಿದ ಗುಂಡುಗಳೂ ಬಂದಿವೆ. ಅವು ಸೀಸದಷ್ಟು ಸುಲಭವಾಗಿ ಹಿಂಡಿಕೊಳ್ಳೋದಿಲ್ಲ. ಹಳೆಯ, ತೆಳು ನಳಿಗೆಗಳಿಗೆ ಅವುಗಳಿಂದ ದೂರ ಇರೋದೇ ವಾಸಿ.

12 ಬೋರ್ ಇರುವವರಿಗೆ ಒಂದು ಮಾತು

ರೈಫಲ್ ಇಲ್ಲದವರೂ ಇಲ್ಲಿಯವರೆಗೆ ಓದಿರುತ್ತೀರಿ. ಹಳೆ ಬ್ರಿಟಿಷ್ 12 ಬೋರ್ ಕೋವಿಗಳ ಚೇಂಬರ್ ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಇಂದಿನ ತೋಟಾ ಬಹಳಷ್ಟು 70 ಮಿಲಿಮೀಟರಿನದು. ಉದ್ದದ ತೋಟಾ ಗಿಡ್ಡ ಚೇಂಬರ್‌ಗೆ ಹೋಗಬಾರದು, ಅಲ್ವಾ? ಹೋಗುತ್ತದೆ. ಯಾಕೆಂದರೆ 70 ಅನ್ನೋದು ತೋಟಾದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಬಾಯಿ ಮಡಚಿರುವಾಗ ಅದು ಗಿಡ್ಡವೇ. ಹಾರಿಸಿದಾಗ ಆ ಮಡಿಕೆ ಮುಂದಕ್ಕೆ ಬಿಚ್ಚಿಕೊಂಡು ನಳಿಗೆಯ ಕಿರಿದಾದ ಜಾಗಕ್ಕೆ ಚಾಚಿಕೊಳ್ಳುತ್ತದೆ. ಚರೆ ಹೋಗುವ ದಾರಿ ಇಕ್ಕಟ್ಟಾಗುತ್ತದೆ. ಒತ್ತಡ ಏರುತ್ತದೆ. ಡಬ್ಬಿಯ ಮೇಲಿನ ಮಿಲಿಮೀಟರ್ ಓದಿ, ನಳಿಗೆಯ ಅಡಿ ಬರೆದಿರುವುದರ ಜೊತೆ ಹೋಲಿಸಿ ನೋಡಿ.

ಕಾನೂನು ಏನು ಹೇಳುತ್ತದೆ

ಶಿಕಾರಿ ಮಾತು ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ರೈಫಲ್‌ಗಳ ಜಾಗ ಗುರಿ ಅಭ್ಯಾಸದ ಮೈದಾನ ಮತ್ತು ಮನೆಯ ಬೀಗ ಹಾಕಿದ ಬೀರು.

ಲೈಸೆನ್ಸ್‌ನಲ್ಲಿ ಬರೆದಿರುವ ಅಳತೆಯ ತೋಟಾ ಮಾತ್ರ ಕೊಳ್ಳಬಹುದು, ಅದೂ ಲೈಸೆನ್ಸ್ ಇರುವ ಅಂಗಡಿಯಿಂದ, ಬರೆದಿರುವ ಲೆಕ್ಕದಷ್ಟೇ. ಲೈಸೆನ್ಸ್‌ನಲ್ಲಿ ಎನ್‌ಪಿಬಿ, ಪಿಬಿ ಅಂತ ಎರಡು ವಿಧ ಕಾಣುತ್ತೀರಿ. ಪಿಬಿ ಅಂದರೆ ನಿಷೇಧಿತ ಬೋರ್, ಎನ್‌ಪಿಬಿ ಅಂದರೆ ನಿಷೇಧ ಇಲ್ಲದ್ದು. ಸೈನ್ಯ, ಪೊಲೀಸರು ಬಳಸುವ .303, 9 ಎಂಎಂ ಥರದವು ಪಿಬಿಯಲ್ಲಿ ಬರುತ್ತವೆ. ಕೊಡವರಿಗೂ, ಜಮ್ಮಾ ಅನ್ನೋ ಕೊಡಗಿನ ಹಳೆ ಬಗೆಯ ಭೂ ಹಿಡುವಳಿ ಇರುವವರಿಗೂ ಆಯುಧ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ನಳಿಗೆಯ ಉಕ್ಕು ಯಾವ ವಿನಾಯಿತಿಯನ್ನೂ ಕೊಡೋದಿಲ್ಲ. ತೋಟಾ ಸಿಗಲಿಲ್ಲ ಅಂತ ಲೈಸೆನ್ಸ್ ಇಲ್ಲದೆ ಮನೆಯಲ್ಲೇ ಕೊಳವೆಗೆ ಮದ್ದು ತುಂಬಿಕೊಳ್ಳೋದು ಅಪರಾಧ.

ದೇಶದಲ್ಲೇ ತಯಾರಾಗುವ .315, 12 ಬೋರ್ ತೋಟಾ ಸಿಗುತ್ತವೆ. .470, .450/400 ಥರದ ದೊಡ್ಡ ಬ್ರಿಟಿಷ್ ತೋಟಾ ಸಿಗೋದು ಕಷ್ಟ. ಅವನ್ನು ಮಾಡುತ್ತಿದ್ದ ಬರ್ಮಿಂಗ್‌ಹ್ಯಾಮ್‌ನ ಕೈನಾಕ್ 1970ರ ಹೊತ್ತಿಗೆ ನಿಲ್ಲಿಸಿಬಿಟ್ಟಿತು. ದಶಕಗಳ ನಂತರ ಬ್ರಿಟನ್‌ನಲ್ಲಿ ಅದೇ ಹೆಸರಿನಲ್ಲಿ ಮತ್ತೆ ಶುರುವಾಯಿತು, ಅಮೆರಿಕದ ಹಾರ್ನಡಿಯೂ ಕೆಲವು ಅಳತೆಗಳನ್ನು ಮಾಡುತ್ತದೆ. ಸರಿಯಾದದ್ದು ಸಿಗದಿದ್ದರೆ ರೈಫಲ್ ಸುಮ್ನೆ ಇರಲಿ. ಹತ್ತಿರದ್ದು ಹಾಕಿ ನೋಡೋಣ ಅನ್ನುವ ಯೋಚನೆ ಬೇಡ.

ಹಾಗಾದರೆ ಆ ಡಬ್ಬಿಯನ್ನು ಏನು ಮಾಡೋದು

ಹಳೆ ತೋಟಾ ಹೊರಗಿಂದ ಹೊಳೆಯುತ್ತಿದ್ದರೂ ಒಳಗೆ ಕೆಟ್ಟಿರಬಹುದು. ಕಾರ್ಡೈಟ್ ವಯಸ್ಸಾದಂತೆ ಕೊಳೆಯುತ್ತದೆ. ಬಿಸಿ ಹೆಚ್ಚಿದ್ದಷ್ಟೂ ಬೇಗ. ಬಿಸಿಯಾದ ಕಾರ್ಡೈಟ್ ಹೆಚ್ಚು ಒತ್ತಡ ಕೊಡುತ್ತದೆ ಅನ್ನೋದು ತಯಾರಕರಿಗೆ ಗೊತ್ತಿತ್ತು. ಅದಕ್ಕೇ ಭಾರತದಂಥ ಬಿಸಿಲಿನ ದೇಶಕ್ಕೆ ಕಳಿಸುವ ತೋಟಾಗಳಿಗೆ ಮದ್ದು ಸ್ವಲ್ಪ ಕಡಿಮೆ ಹಾಕಿ, ಡಬ್ಬಿಯ ಮೇಲೆ ಟ್ರಾಪಿಕಲ್ ಅಂತ ಬರೆಯುತ್ತಿದ್ದರು. ನಿಮ್ಮ ಡಬ್ಬಿಯಲ್ಲಿ ಆ ಮಾತು ಇಲ್ಲದಿದ್ದರೆ ಅದು ತಣ್ಣಗಿನ ದೇಶದ ಲೆಕ್ಕದ್ದಿರಬಹುದು.

ಕೇಪಿನ ಕಥೆ ಇನ್ನೊಂದು. ಹಳೆ ಕೇಪುಗಳ ರಾಸಾಯನಿಕ ಉರಿದ ಮೇಲೆ ನಳಿಗೆಯಲ್ಲಿ ಒಂದು ಬಗೆಯ ಉಪ್ಪು ಉಳಿಯುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರು ಬಿಡುತ್ತದಲ್ಲ, ಅದೂ ಹಾಗೇ ತೇವ ಎಳೆಯುತ್ತದೆ. ಮಡಿಕೇರಿಯ ಆಷಾಢದಲ್ಲಿ ನಳಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ಎಣ್ಣೆ ಉಪ್ಪನ್ನು ಕರಗಿಸೋದಿಲ್ಲ. ಅದಕ್ಕೇ ಹಿಂದಿನವರು ಮೊದಲು ಬಿಸಿನೀರು ಹೊಯ್ದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚುತ್ತಿದ್ದರು.

ಹಳೆ ತೋಟಾ ಕೆಲವೊಮ್ಮೆ ತಡವಾಗಿ ಹೊತ್ತುತ್ತದೆ. ಟ್ರಿಗರ್ ಎಳೆದರೂ ಸದ್ದಿಲ್ಲ ಅಂತ ತಕ್ಷಣ ಬಾಗಿಲು ತೆರೆದರೆ, ಆ ಕ್ಷಣದಲ್ಲೇ ಸಿಡಿಯಬಹುದು. ಮೈದಾನದಲ್ಲಿ ಯಾವ ತೋಟಾ ಹೀಗೆ ಮಾಡಿದರೂ ನಳಿಗೆಯನ್ನು ಗುರಿಹಲಗೆಯ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಬೇಕು.

ಡಬ್ಬಿಯಲ್ಲಿರುವ ಯಾವುದನ್ನೂ ಹಾರಿಸಬೇಡಿ. ಕೆರೆಗೆ ಎಸೆಯಬೇಡಿ, ಬೆಂಕಿಗೆ ಹಾಕಬೇಡಿ, ನೆನಪಿಗೆ ಅಂತ ಕತ್ತರಿಸಿ ಮದ್ದು ತೆಗೆಯಲೂ ಹೋಗಬೇಡಿ. ಲೈಸೆನ್ಸ್‌ನ ಲೆಕ್ಕಕ್ಕೆ ಸೇರದ ತೋಟಾ ಮನೆಯಲ್ಲಿ ಇಟ್ಟುಕೊಳ್ಳೋದೇ ತೊಂದರೆ. ಪೊಲೀಸ್ ಠಾಣೆಗೆ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಗೆ ತಿಳಿಸಿ, ಒಪ್ಪಿಸಿ ಚೀಟಿ ಪಡೆಯಿರಿ. ಒಪ್ಪಿಸುವ ಮುಂಚೆ ಪ್ರತಿ ತೋಟಾದ ಬುಡದ ಅಕ್ಷರಗಳ ಫೋಟೋ ತೆಗೆದಿಟ್ಟುಕೊಳ್ಳಿ. ಡಬ್ಬಿಯ ಚೀಟಿಯದೂ ಒಂದು. ಅಜ್ಜ ಯಾವ ಕಾಲದಲ್ಲಿ ಏನು ತರಿಸಿದ್ದರು ಅನ್ನೋದರ ದಾಖಲೆ ಅದೊಂದೇ. ಚೇಂಬರ್ ಅಚ್ಚು ತೆಗೆಯುವ ಕೆಲಸಗಾರರು ಮೊದಲು ಕೇಳೋದೂ ಅದನ್ನೇ.